ಹೇಂಟೆಯ ರೆಕ್ಕೆಯಡಿ ಟರ್ಕಿ ಮರಿ

ಮಂಡ್ಯದಿಂದ ಮೈಸೂರಿನ ಕಡೆಗೆ ಹೋಗುವ ರೈಲುದಾರಿಯಲ್ಲಿ ಯಲಿಯೂರು ಎಂಬ ಚಿಕ್ಕ ನಿಲ್ದಾಣವಿದೆ. ಸುತ್ತಮುತ್ತ ಕಬ್ಬು, ಭತ್ತ, ತೆಂಗು. ಹಿತ್ತಿಲುಗಳಲ್ಲಿ ಹಸು, ನಾಲ್ಕಾರು ನಾಟಿಕೋಳಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಅಲ್ಲಿ ಒಂದೂವರೆ ಎಕರೆ ಜಮೀನಿದೆ. ವೃತ್ತಿಯಿಂದ ಅವರು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಒಮ್ಮೆ ಅವರು ಟರ್ಕಿ ಕೋಳಿಯ ಮೊಟ್ಟೆಗಳನ್ನು ತಂದು, ಕಾವಿಗೆ ಬಂದಿದ್ದ ಎರಡು ನಾಟಿ ಹೇಂಟೆಗಳ ಕೆಳಗೆ ಇಟ್ಟರು. 28 ದಿನಗಳಿಗೆ 15 ಮರಿಗಳು ಹೊರಬಂದವು. ಹೇಂಟೆಗಳು ಅವನ್ನು ತಮ್ಮವೆಂದೇ ತಿಳಿದು, ತಿಪ್ಪೆ ಕೆದಕಿ ಮೇಯಿಸತೊಡಗಿದವು.

ಎರಡನೆಯ ವಾರದ ಒಂದು ಸಂಜೆ ಮಳೆ ಬಂತು. ನೆನೆದ 3 ಮರಿಗಳು ಬೆಳಗಾಗುವುದರೊಳಗೆ ಸತ್ತವು. ಆರು ಮತ್ತು ಏಳನೆಯ ವಾರಗಳಲ್ಲಿ ಇನ್ನೂ 9 ಮರಿಗಳು ತೂಕಡಿಸಿ, ಮೇವು ಬಿಟ್ಟು, ಹಳದಿ ಹಿಕ್ಕೆ ಹಾಕಿ ಸತ್ತವು. ಉಳಿದದ್ದು 3. ಅದೇ ಹಿತ್ತಿಲಿನಲ್ಲಿ, ಅದೇ ದಿನಗಳಲ್ಲಿ, ಮೂರನೆಯ ಹೇಂಟೆಯೊಂದರ ಕೋಳಿಮರಿಗಳು ಚೆನ್ನಾಗಿಯೇ ಬೆಳೆದವು.

“ಕೋಳಿಮರಿ ಒಂದೂ ಸಾಯ್ಲಿಲ್ಲ ಸಾರ್, ಇವೇ ಯಾಕೆ ಸತ್ವು?” ಎಂದು ಮೇಷ್ಟ್ರು ಕೇಳಿದರು. ಕಣ್ಣು ಬಿದ್ದಿದೆ ಎಂದು ಅವರ ತಾಯಿಯ ತೀರ್ಮಾನ. ಸೀಮೆಯ ಹಕ್ಕಿ, ನಮ್ಮ ಮಣ್ಣಿಗೆ ಒಗ್ಗುವುದಿಲ್ಲ ಎಂದು ನೆರೆಯವರ ತೀರ್ಮಾನ. ಭೌತವಿಜ್ಞಾನ ಕಲಿಸುವ ನನಗೆ ಮೊದಲ ಮೂರು ಸಾವುಗಳ ಕಾರಣ ಹೇಳುವುದು ಕಷ್ಟವಾಗಲಿಲ್ಲ. ಉಳಿದ ಒಂಬತ್ತಕ್ಕೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಐನೂರು ವರ್ಷಗಳ ಒಂದು ಚರಿತ್ರೆ. ನೆರೆಯವರು ‘ಮಣ್ಣು’ ಎಂದದ್ದು ಅರ್ಧ ನಿಜವೆಂದೂ ಆಗ ತಿಳಿಯಿತು. ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಲವು ದೇಶಗಳ ಹೆಸರು, ಹುಟ್ಟಿದ್ದು ಇನ್ನೊಂದು ಕಡೆ

ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಸಂಬಂಧವಿಲ್ಲ. ಇದು ಅಮೆರಿಕ ಖಂಡದ ಹಕ್ಕಿ. ಇದನ್ನು ಮೊದಲು ಪಳಗಿಸಿದವರು ಮೆಕ್ಸಿಕೊ ಪ್ರದೇಶದ ಮೂಲನಿವಾಸಿಗಳು. ಗ್ವಾಟೆಮಾಲಾದ ಎಲ್ ಮಿರಾಡೋರ್ ಎಂಬ ಪುರಾತನ ಮಾಯಾ ನಗರದಲ್ಲಿ ದೊರೆತ ಮೂಳೆಗಳು ಕ್ರಿ.ಪೂ. 300 ಮತ್ತು ಕ್ರಿ.ಶ. 100ರ ನಡುವಿನವು ಎಂದು 2012ರಲ್ಲಿ ವರದಿಯಾಯಿತು. ಈ ಜಾತಿಯ ಕಾಡುಹಕ್ಕಿ ಆ ಪ್ರದೇಶದಲ್ಲಿ ಸಹಜವಾಗಿ ಇರಲಿಲ್ಲ. ಆದ್ದರಿಂದ ಯಾರೋ ಅದನ್ನು ಸಾಕಿ, ಉತ್ತರದಿಂದ ಅಲ್ಲಿಗೆ ಒಯ್ದಿರಬೇಕು. ಕಡಿಮೆ ಎಂದರೂ ಎರಡು ಸಾವಿರ ವರ್ಷಗಳ ಸಾಕಣೆಯ ಇತಿಹಾಸ ಇದಕ್ಕಿದೆ.

ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಇದನ್ನು ಯುರೋಪಿಗೆ ತಂದರು. ಹೆಸರಿನ ಗೊಂದಲ ಅಲ್ಲಿಂದ ಶುರುವಾಯಿತು. ಆಫ್ರಿಕದ ಗಿನಿಕೋಳಿ ತುರ್ಕಿ ವರ್ತಕರ ಮೂಲಕ ಇಂಗ್ಲೆಂಡಿಗೆ ಬರುತ್ತಿದ್ದುದರಿಂದ ಅದನ್ನು ‘ಟರ್ಕಿ’ ಎನ್ನುತ್ತಿದ್ದರು. ಹೊಸ ಹಕ್ಕಿ ಬಂದಾಗ ಆ ಹೆಸರು ಇದಕ್ಕೆ ಅಂಟಿಕೊಂಡಿತು. ಫ್ರೆಂಚರು ಇದನ್ನು ‘ಭಾರತದ ಕೋಳಿ’ ಎಂಬ ಅರ್ಥದಲ್ಲಿ ‘ದ್ಯಾಂಡ್’ ಎಂದರು. ತುರ್ಕಿಯವರು ‘ಹಿಂದಿ’ ಎಂದರು. ಪೋರ್ಚುಗೀಸರು ‘ಪೆರು’ ಎಂದರು. ಡಚ್ಚರ ‘ಕಾಲ್ಕೂನ್’ ಎಂಬ ಹೆಸರಂತೂ ನಮ್ಮ ನೆರೆಯ ಕಲ್ಲಿಕೋಟೆಯಿಂದ ಹುಟ್ಟಿದ್ದು. ಹಕ್ಕಿ ಕಲ್ಲಿಕೋಟೆಯದಲ್ಲ, ಹೆಸರು ಮಾತ್ರ ಅಲ್ಲಿಯದು. ಮುಂದೆ ಡಚ್ಚರ ಹಡಗುಗಳೊಂದಿಗೆ ಆ ಹೆಸರು ಮಲಬಾರಿಗೇ ಹಿಂದಿರುಗಿ ಮಲಯಾಳದಲ್ಲಿ ‘ಕಲ್ಕಂ’ ಎಂದಾಯಿತು. 1758ರಲ್ಲಿ ಲಿನೇಯಸ್ ಈ ಹಕ್ಕಿಗೆ ಕೊಟ್ಟ ‘ಮೆಲಿಯಾಗ್ರಿಸ್ ಗ್ಯಾಲೊಪಾವೊ’ ಎಂಬ ವೈಜ್ಞಾನಿಕ ಹೆಸರೂ ಈ ಗೊಂದಲದಿಂದ ಹೊರತಲ್ಲ. ಮೊದಲ ಪದ ಗಿನಿಕೋಳಿಗಿದ್ದ ಗ್ರೀಕ್ ಹೆಸರು. ಎರಡನೆಯದರಲ್ಲಿ ಕೋಳಿ, ನವಿಲು ಎರಡೂ ಸೇರಿವೆ.

ಜಹಾಂಗೀರನ ಅಚ್ಚರಿ

ಭಾರತಕ್ಕೆ ಈ ಹಕ್ಕಿ ಬಂದುದಕ್ಕೆ ಸೊಗಸಾದ ದಾಖಲೆಯೊಂದಿದೆ. ಮೊಗಲ್ ಚಕ್ರವರ್ತಿ ಜಹಾಂಗೀರನು ಮುಕರ್ರಬ್ ಖಾನ್ ಎಂಬ ಅಧಿಕಾರಿಯನ್ನು ಗೋವೆಗೆ ಕಳುಹಿಸಿ, ಪೋರ್ಚುಗೀಸರ ಬಳಿ ಸಿಗುವ ಅಪರೂಪದ ವಸ್ತುಗಳನ್ನು ಕೇಳಿದ ಬೆಲೆಗೆ ಕೊಂಡುತರಲು ಹೇಳಿದ್ದ. 1612ರಲ್ಲಿ ಅವನು ತಂದ ವಸ್ತುಗಳ ನಡುವೆ ಟರ್ಕಿ ಹುಂಜವೂ ಇತ್ತು. ಚಕ್ರವರ್ತಿ ತನ್ನ ಆತ್ಮಕಥೆಯಲ್ಲಿ ಅದನ್ನು ಪ್ರಾಣಿವಿಜ್ಞಾನಿಯ ಎಚ್ಚರದಿಂದ ವರ್ಣಿಸಿದ್ದಾನೆ. ಹೆಣ್ಣು ನವಿಲಿಗಿಂತ ದೊಡ್ಡದು, ಗಂಡು ನವಿಲಿಗಿಂತ ಚಿಕ್ಕದು. ಬೆದೆಗೆ ಬಂದಾಗ ನವಿಲಿನಂತೆ ಬಾಲ ಬಿಚ್ಚುತ್ತದೆ. ತಲೆ, ಕತ್ತುಗಳ ಬಣ್ಣ ಒಮ್ಮೆ ಹವಳದಂತೆ ಕೆಂಪು, ಒಮ್ಮೆ ಹತ್ತಿಯಂತೆ ಬಿಳಿ, ಇನ್ನೊಮ್ಮೆ ನೀಲಿ. ಅವನ ಆಸ್ಥಾನದ ಕಲಾವಿದ ಮನ್ಸೂರ್ ಬರೆದ ಟರ್ಕಿ ಹುಂಜದ ಚಿತ್ರ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಜಹಾಂಗೀರನನ್ನು ಬೆರಗುಗೊಳಿಸಿದ ಬಣ್ಣಗಳ ರಹಸ್ಯ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಿಯವಾದೀತು. ಹಕ್ಕಿಯ ಚರ್ಮದಲ್ಲಿ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಕಂತೆಕಂತೆಯಾಗಿ ಜೋಡಣೆಗೊಂಡಿವೆ. ಅವುಗಳಿಂದ ಬೆಳಕು ಚದರಿದಾಗ ಕೆಲವು ತರಂಗದೂರಗಳು ಎದ್ದು ಕಾಣುತ್ತವೆ. ಹಕ್ಕಿ ಉದ್ರೇಕಗೊಂಡಾಗ ರಕ್ತನಾಳಗಳು ಹಿಗ್ಗಿ ಎಳೆಗಳ ನಡುವಿನ ಅಂತರ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ಯೂಂಗ್-ವುಕ್ ಲೀ ಮತ್ತು ಸಂಗಡಿಗರು ಇದೇ ತತ್ವದ ಮೇಲೆ, ಗಾಳಿಯಲ್ಲಿನ ಆವಿಗಳಿಗೆ ಬಣ್ಣ ಬದಲಿಸುವ ಸಂವೇದಕವೊಂದನ್ನು ರೂಪಿಸಿದರು.

ಗಟ್ಟಿ ಹಕ್ಕಿ, ಸೂಕ್ಷ್ಮ ಮರಿ

ಬೆಳೆದ ಟರ್ಕಿ ಬಹಳ ಗಟ್ಟಿ. ಇಂಗ್ಲೆಂಡಿನ ಲೇಖಕ ಡೇನಿಯಲ್ ಡೀಫೊ 1724ರಲ್ಲಿ ಬರೆದಂತೆ, ಪೂರ್ವ ಭಾಗದ ಜಿಲ್ಲೆಗಳಿಂದ ಲಂಡನ್ನಿಗೆ ಟರ್ಕಿಗಳನ್ನು ಕುರಿಮಂದೆಯಂತೆ ನಡೆಸಿಕೊಂಡೇ ಹೋಗುತ್ತಿದ್ದರು. ಒಂದೊಂದು ಮಂದೆಯಲ್ಲಿ 300ರಿಂದ 1000 ಹಕ್ಕಿಗಳು. ಒಂದೇ ಸೇತುವೆಯನ್ನು ಒಂದು ಋತುವಿನಲ್ಲಿ ಅಂಥ 300 ಮಂದೆಗಳು ದಾಟುತ್ತಿದ್ದವಂತೆ. ಹೀಗೆ ನೂರಾರು ಕಿಲೊಮೀಟರ್ ನಡೆಯಬಲ್ಲ ಹಕ್ಕಿಯ ಮರಿ ಮಾತ್ರ ಒಂದು ಸಂಜೆಯ ಮಳೆ ತಡೆಯದು. ಮರಿಗಳನ್ನು ಇಬ್ಬನಿಯ ಹುಲ್ಲಿಗೆ ಬಿಡಬೇಡಿ ಎಂದು ಯುರೋಪಿನ ಹಳೆಯ ಕೃಷಿ ಪುಸ್ತಕಗಳು ಮತ್ತೆ ಮತ್ತೆ ಎಚ್ಚರಿಸುತ್ತಿದ್ದವು. ಏಕೆ? ನಾವೇ ಲೆಕ್ಕ ಮಾಡಿ ನೋಡೋಣ.

ಆಗ ತಾನೇ ಹುಟ್ಟಿದ ಮರಿಯ ತೂಕ ಸುಮಾರು 50 ಗ್ರಾಂ, ಬೆಳೆದ ಹುಂಜದ್ದು 6.4 ಕಿಲೊಗ್ರಾಂ ಎಂದುಕೊಳ್ಳಿ. ಹುಂಜ 128 ಪಟ್ಟು ಭಾರ. 128ರ ಘನಮೂಲ ಸುಮಾರು 5. ಅಂದರೆ ಒಂದು ಗ್ರಾಂ ದೇಹಕ್ಕೆ ಮರಿಯ ಚರ್ಮದ ವಿಸ್ತೀರ್ಣ ಹುಂಜದ್ದಕ್ಕಿಂತ 5 ಪಟ್ಟು ಹೆಚ್ಚು. ಶಾಖ ಸೋರಿಹೋಗುವುದು ಚರ್ಮದ ಮೂಲಕ, ಹುಟ್ಟುವುದು ದೇಹದ ಒಳಗೆ. ಸಾಲದುದಕ್ಕೆ, ದೇಹದ ಉಷ್ಣತೆಯನ್ನು ತಾನೇ ನಿಯಂತ್ರಿಸಿಕೊಳ್ಳುವ ಶಕ್ತಿ ಮರಿಗೆ ಮೊದಲ ಕೆಲವು ವಾರ ಪೂರ್ತಿ ಬಂದಿರುವುದಿಲ್ಲ.

ಈಗ ಮರಿ ನೆನೆಯಿತೆನ್ನಿ. ಅದರ ನವಿರುಗರಿಯ ನಡುವೆ ಇರುವ ಗಾಳಿಯೇ ಅದಕ್ಕೆ ಕಂಬಳಿ. ನೀರು ಹೊಕ್ಕರೆ ಕಂಬಳಿ ಹೋಯಿತು. ಮೇಲಾಗಿ ನೀರು ಆವಿಯಾಗಲು ಶಾಖ ಬೇಕು. ದೇಹದ ಉಷ್ಣತೆಯ ಆಸುಪಾಸಿನಲ್ಲಿ 1 ಗ್ರಾಂ ನೀರಿನ ಗುಪ್ತೋಷ್ಣ ಸುಮಾರು 2400 ಜೂಲ್. 50 ಗ್ರಾಂ ಮರಿಯ ಉಷ್ಣತೆ 1° ಸೆ. ಇಳಿಯಲು ಅದು ಕಳೆದುಕೊಳ್ಳಬೇಕಾದದ್ದು ಸುಮಾರು 175 ಜೂಲ್ ಮಾತ್ರ. ಆ 2400 ಜೂಲ್ ಪೂರ್ತಿ ಮರಿಯ ದೇಹದಿಂದಲೇ ಹೋದರೆ ಅದರ ಉಷ್ಣತೆ 13–14° ಸೆ. ಕುಸಿಯಬೇಕು! ವಾಸ್ತವದಲ್ಲಿ ಒಂದಿಷ್ಟು ಶಾಖ ಗಾಳಿಯಿಂದ ಬರುತ್ತದೆ, ಒಂದಿಷ್ಟನ್ನು ಮರಿಯೇ ಉತ್ಪಾದಿಸುತ್ತದೆ. ಆದರೂ ಒಂದೇ ಒಂದು ಗ್ರಾಂ ನೀರು ಎಂಥ ಆಪತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕೋಳಿಮರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅಂದು ಸಂಜೆ ಆ ಹೇಂಟೆಯ ಮರಿಗಳು ಕೊಟ್ಟಿಗೆಯೊಳಗೆ ಇದ್ದವು. ಮೇಷ್ಟ್ರ ಮೊದಲ ಮೂರು ಮರಿಗಳ ವಿಷಯ ಇಲ್ಲಿಗೆ ಮುಗಿಯಿತು.

ಇಪ್ಪತ್ತೈದು ವರ್ಷದ ಶೋಧ

ಇನ್ನು ಉಳಿದ ಒಂಬತ್ತು. ಸತ್ತ ಮರಿಯೊಂದನ್ನು ಪಶುವೈದ್ಯರು ಸೀಳಿ ತೋರಿಸಿದಾಗ, ಯಕೃತ್ತಿನ ಮೇಲೆ ನಾಣ್ಯ ಒತ್ತಿದಂತೆ ದುಂಡನೆಯ ಹಳದಿ ಕಲೆಗಳಿದ್ದವು. ಕೋಳಿಜಾತಿಯ ಹಕ್ಕಿಗಳ ಕರುಳಿನ ಕೊನೆಯಲ್ಲಿ ಮುಂದೆ ದಾರಿಯಿಲ್ಲದ ಎರಡು ಚೀಲಗಳಿವೆ, ಅವೇ ಕುರುಡುಕರುಳು. ಆ ಚೀಲಗಳು ಊದಿಕೊಂಡು ಗಟ್ಟಿಯಾಗಿದ್ದವು. ಇದು ‘ಕಪ್ಪುತಲೆ’ ರೋಗ. ಹೆಸರು ಅಷ್ಟು ಸರಿಯಲ್ಲ, ಎಷ್ಟೋ ಹಕ್ಕಿಗಳಲ್ಲಿ ತಲೆ ಕಪ್ಪಾಗುವುದೇ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯ ಟರ್ಕಿ ಸಾಕಣೆಗೆ ಹೆಸರಾಗಿತ್ತು. ಅಲ್ಲಿ ಈ ರೋಗ ಕಾಣಿಸಿಕೊಂಡು ರೈತರು ಟರ್ಕಿಯ ಸಹವಾಸವನ್ನೇ ಬಿಡತೊಡಗಿದರು. ಕಾರಣ ಹುಡುಕಲು ತೊಡಗಿದವನು ಥಿಯೊಬಾಲ್ಡ್ ಸ್ಮಿತ್. ಇವನ ಹೆಸರು ನಮ್ಮ ಪಠ್ಯಗಳಲ್ಲಿ ಹೆಚ್ಚಾಗಿ ಬರುವುದಿಲ್ಲ. ದನಗಳ ಟೆಕ್ಸಾಸ್ ಜ್ವರವನ್ನು ಉಣ್ಣೆ ಹರಡುತ್ತದೆಂದು ಕಿಲ್‌ಬೋರ್ನ್ ಜೊತೆಗೂಡಿ 1893ರಲ್ಲಿ ಪ್ರಕಟಿಸಿದವನು ಇವನೇ. ರೋಗಾಣು ಒಂದು ಜೀವಿಯಿಂದ ಇನ್ನೊಂದಕ್ಕೆ ಹೋಗಲು ನಡುವೆ ಮೂರನೆಯ ಜೀವಿಯೊಂದು ವಾಹಕವಾಗಬಲ್ಲದು ಎಂಬ ವಿಚಾರಕ್ಕೆ ಇದರಿಂದ ಗಟ್ಟಿ ಆಧಾರ ಸಿಕ್ಕಿತು. 1895ರಲ್ಲಿ ಬೆಂಗಳೂರಿನಲ್ಲಿಯೂ ಕೆಲಸ ಮಾಡಿದ್ದ ರೊನಾಲ್ಡ್ ರಾಸ್, ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಜೀವಿಯನ್ನು ಕಂಡದ್ದು 1897ರಲ್ಲಿ.

1895ರಲ್ಲಿ ಸ್ಮಿತ್ ಸತ್ತ ಟರ್ಕಿಗಳ ಯಕೃತ್ತಿನಲ್ಲಿ ಒಂದು ಏಕಕೋಶಜೀವಿಯನ್ನು ಗುರುತಿಸಿ, ಅದು ಅಮೀಬದ ಜಾತಿಯೆಂದು ಹೆಸರಿಟ್ಟ. ಆದರೆ ಅದು ಹೇಗೆ ಹರಡುತ್ತದೆ ಎಂಬುದು ಬಗೆಹರಿಯಲಿಲ್ಲ. ರೋಗಪೀಡಿತ ಅಂಗಗಳನ್ನೇ ತಿನ್ನಿಸಿದರೂ ಆರೋಗ್ಯವಂತ ಹಕ್ಕಿಗೆ ರೋಗ ತಪ್ಪದೆ ಬರುತ್ತಿರಲಿಲ್ಲ. 1908ರ ಸುಮಾರಿಗೆ ರೋಡ್ ಐಲೆಂಡಿನ ಕೋಲ್ ಮತ್ತು ಹ್ಯಾಡ್ಲಿ, ಸ್ಮಿತ್ ಹೇಳಿದ್ದು ತಪ್ಪು, ಇದು ಕಾಕ್ಸಿಡಿಯ ಎಂಬ ಬೇರೆಯೇ ಪರೋಪಜೀವಿಯ ಕೆಲಸ ಎಂದು ವಾದಿಸಿದರು. ವಾದ ವರ್ಷಗಟ್ಟಲೆ ನಡೆಯಿತು. ರೈತರ ಹಕ್ಕಿಗಳು ಸಾಯುತ್ತಲೇ ಇದ್ದವು.

ಉತ್ತರ ದೊರೆತದ್ದು 1920ರಲ್ಲಿ. ಗ್ರೇಬಿಲ್ ಮತ್ತು ಸ್ಮಿತ್, ಯಂತ್ರದ ಕಾವಿನಲ್ಲಿ ಮೊಟ್ಟೆ ಒಡೆಸಿ, ಕೋಳಿಗಳ ಸಂಪರ್ಕವಿಲ್ಲದೆ ಟರ್ಕಿ ಮರಿಗಳನ್ನು ಬೆಳೆಸಿದರು. ಮರಿಗಳು ಆರೋಗ್ಯವಾಗಿದ್ದವು. ಅಂಥ ಮರಿಗಳಿಗೆ ಹೆಟರಾಕಿಸ್ ಎಂಬ ಜಂತುಹುಳುವಿನ, ಒಳಗೆ ಭ್ರೂಣ ಬೆಳೆದ ಮೊಟ್ಟೆಗಳನ್ನು ತಿನ್ನಿಸಿದರು. ಕಪ್ಪುತಲೆ ರೋಗ ಬಂದು ಮರಿಗಳು ಸತ್ತವು. ಅದೇ ವರ್ಷ ಹಾರ್ವರ್ಡಿನ ಅರ್ನೆಸ್ಟ್ ಟೈಜರ್, ಆ ಏಕಕೋಶಜೀವಿ ಅಮೀಬವಲ್ಲ, ಚಾವಟಿಯಂಥ ಕಶಾಂಗವುಳ್ಳ ಜೀವಿ ಎಂದು ತೋರಿಸಿ ‘ಹಿಸ್ಟೊಮೊನಸ್’ ಎಂಬ ಹೊಸ ಹೆಸರಿಟ್ಟ. ಸ್ಮಿತ್ ಗುರುತಿಸಿದ ಜೀವಿ ಸರಿಯಾಗಿತ್ತು, ಅವನು ಸೇರಿಸಿದ ಗುಂಪು ತಪ್ಪಾಗಿತ್ತು.

ಒಗಟು ಬಿಡಿಸಿಕೊಂಡ ಬಗೆ ನೋಡಿ. ಹೆಟರಾಕಿಸ್ ಒಂದು ಸಣ್ಣ ಬಿಳಿ ಹುಳು, ಕೋಳಿಯ ಕುರುಡುಕರುಳಿನಲ್ಲಿ ವಾಸ. ಅದರಿಂದ ಕೋಳಿಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಹಿಸ್ಟೊಮೊನಸ್ ಆ ಹುಳುವಿನ ಮೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಬರಿಮೈಯಲ್ಲಿ ಹಿಕ್ಕೆಯೊಂದಿಗೆ ಹೊರಬಿದ್ದರೆ ಅದು ಕೆಲವೇ ಗಂಟೆ ಬದುಕೀತು. ಹಕ್ಕಿ ನುಂಗಿದರೂ ಜಠರದ ಆಮ್ಲದಲ್ಲಿ ನಾಶವಾದೀತು. ಸ್ಮಿತ್‌ನ ಮೊದಲ ಪ್ರಯೋಗಗಳು ಕೈಕೊಟ್ಟದ್ದು ಈ ಕಾರಣದಿಂದಲೇ. ಹುಳುವಿನ ಮೊಟ್ಟೆಯ ಕವಚದೊಳಗೆ ಮಾತ್ರ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. 1966ರಲ್ಲಿ ಲಂಡ್ ಮತ್ತು ಸಂಗಡಿಗರು ಇನ್ನೊಂದು ಕೊಂಡಿಯನ್ನು ತೋರಿಸಿದರು. ಮಣ್ಣಿನೊಡನೆ ಈ ಮೊಟ್ಟೆಗಳನ್ನು ನುಂಗಿದ ಎರೆಹುಳುವನ್ನು ತಿಂದರೂ ಟರ್ಕಿಗೆ ರೋಗ ಬರುತ್ತದೆ. ಒಮ್ಮೆ ಹಿಂಡಿನೊಳಗೆ ಹೊಕ್ಕ ಮೇಲೆ ರೋಗ ಹುಳುವಿನ ನೆರವಿಲ್ಲದೆಯೂ ಟರ್ಕಿಯಿಂದ ಟರ್ಕಿಗೆ ಗುದದ್ವಾರದ ಮೂಲಕ ಹರಡಬಲ್ಲದೆಂಬುದು 2000ದ ದಶಕದ ಆರಂಭದ ಪ್ರಯೋಗಗಳಿಂದ ತಿಳಿಯಿತು.

ಹೀಗೆ ನೋಡಿದರೆ, ಯಲಿಯೂರಿನ ಹಿತ್ತಿಲಿನಲ್ಲಿ ಮರಿಗಳನ್ನು ರೆಕ್ಕೆಯಡಿ ಕಾಪಾಡಿದ ಹೇಂಟೆಯೇ, ತನಗೆ ಅರಿವಿಲ್ಲದೆ, ಅವುಗಳ ಸಾವಿಗೂ ದಾರಿಯಾಯಿತು. ತಿಪ್ಪೆ ಕೆದಕಿ ಎರೆಹುಳು ತೋರಿಸಿದ್ದೂ ಅದೇ.

ಕೋಳಿ ಏಕೆ ಸಾಯುವುದಿಲ್ಲ? ಕೋಳಿಯ ಮೂಲಪುರುಷ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಹೆಟರಾಕಿಸ್ ಹುಳು, ಅದರೊಳಗಿನ ಹಿಸ್ಟೊಮೊನಸ್ ಎರಡೂ ಕಾಡುಕೋಳಿ, ಫೆಸೆಂಟ್ ಮುಂತಾದ ಹಳೆಯ ಜಗತ್ತಿನ ಹಕ್ಕಿಗಳೊಂದಿಗೆ ಬಹುಕಾಲ ಬಾಳಿ, ಪರಸ್ಪರ ಹೊಂದಿಕೊಂಡಿವೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಮೆಕ್ಸಿಕೊದ ಹಳ್ಳಿಗಳಲ್ಲಿ ಟರ್ಕಿ ಇದ್ದಾಗ ಕೋಳಿ ಇರಲಿಲ್ಲ. ಸ್ಪೇನಿನವರ ಹಡಗುಗಳು ಬಂದ ಮೇಲೆ ಎರಡೂ ಒಂದೇ ಅಂಗಳಕ್ಕೆ ಬಂದವು. ಹೊಂದಾಣಿಕೆ ಬೆಳೆಯಲು ಐನೂರು ವರ್ಷ ಏನೇನೂ ಸಾಲದು. ಹಾಗಾಗಿ ಟರ್ಕಿ ಮರಿ ಸೂಕ್ಷ್ಮ ಎಂಬುದು ಅದರ ಹುಟ್ಟುಗುಣವಲ್ಲ, ನಮ್ಮ ಕೋಳಿಯೊಂದಿಗೆ ಅದರ ಪರಿಚಯ ತೀರ ಹೊಸದು ಎಂಬುದೇ ಇಲ್ಲಿ ಮುಖ್ಯ ಕಾರಣ.

ಹೇಂಟೆಯ ಕೆಲಸ ನಾವೇ ಮಾಡುವುದು

ಇಪ್ಪತ್ತನೆಯ ಶತಮಾನದಲ್ಲಿ ಈ ರೋಗಕ್ಕೆ ಔಷಧಗಳು ಬಂದವು. ಆದರೆ ಅವುಗಳ ಸುರಕ್ಷತೆಯ ಬಗ್ಗೆ ಸಂದೇಹ ಹುಟ್ಟಿತು. ಯುರೋಪಿನ ಒಕ್ಕೂಟದಲ್ಲಿ ನೈಫರ್ಸಾಲ್ 2003ರಲ್ಲಿ ಹೋಯಿತು. ಆರ್ಸೆನಿಕ್ ಇದ್ದ ನೈಟಾರ್ಸೋನ್ ಅಮೆರಿಕದಲ್ಲಿ 2015ರ ಕೊನೆಗೆ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಆ ದೇಶಗಳಲ್ಲಿ ರೋಗ ಮತ್ತೆ ತಲೆಯೆತ್ತಿದೆ. ಕೋಳಿಯನ್ನೂ ಟರ್ಕಿಯನ್ನೂ ಒಂದೇ ನೆಲದಲ್ಲಿ ಮೇಯಿಸಬಾರದು ಎಂಬ 1920ರ ಪಾಠವೇ ಇಂದಿಗೂ ಮೊದಲ ರಕ್ಷಣೆ. ಕೋಳಿಗಳಿಗೆ ಪಶುವೈದ್ಯರ ಸಲಹೆಯಂತೆ ಜಂತುಹುಳುವಿನ ಔಷಧ ಹಾಕಿಸುವುದು ಎರಡನೆಯದು.

ಆದರೆ ಹೇಂಟೆಯನ್ನು ದೂರವಿಟ್ಟರೆ ಅದು ಮಾಡುತ್ತಿದ್ದ ಎರಡು ಒಳ್ಳೆಯ ಕೆಲಸಗಳನ್ನು ನಾವು ಮಾಡಬೇಕಾಗುತ್ತದೆ. ಒಂದು, ಶಾಖ ಕೊಡುವುದು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಸಲಹೆಯಂತೆ, ಮೊದಲ ವಾರ ಮರಿಗಳಿಗೆ 35° ಸೆ. ಉಷ್ಣತೆ ಬೇಕು. ಅನಂತರ ವಾರಕ್ಕೆ ಸುಮಾರು 3° ಸೆ.ನಂತೆ ಇಳಿಸುತ್ತ ನಾಲ್ಕು ವಾರ ಮುಂದುವರಿಸಬೇಕು. ಮಂಡ್ಯದ ಡಿಸೆಂಬರ್ ರಾತ್ರಿಯ 17° ಸೆ.ಗೆ ಇದನ್ನು ಹೋಲಿಸಿ ನೋಡಿ. ಹಳೆಯ ಬಗೆಯ, ತಂತಿ ಕಾಯುವ ಬಲ್ಬು ಇಲ್ಲಿ ಒಳ್ಳೆಯ ಸಾಧನ. ದೀಪವಾಗಿ ಅದರ ದೊಡ್ಡ ದೋಷವೆಂದರೆ ವಿದ್ಯುತ್ತಿನ ಬಹುಭಾಗವನ್ನು ಅವಕೆಂಪು ಕಿರಣವಾಗಿ ಕಳೆಯುವುದು. ಮರಿಗೆ ಬೇಕಾದದ್ದು ಅದೇ! ಎಲ್‌ಇಡಿ ದೀಪ ಹಾಕಿ ಬೆಳಕಿದೆಯಲ್ಲ ಎಂದು ಸುಮ್ಮನಿದ್ದರೆ ಮರಿಗಳು ಚಳಿಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ.

ಎರಡು, ತಿನ್ನಲು ಕಲಿಸುವುದು. ತಾಯಿ ಕುಕ್ಕಿ ತೋರಿಸದಿದ್ದರೆ ಎಷ್ಟೋ ಟರ್ಕಿ ಮರಿಗಳು ಕಾಲಬಳಿ ಮೇವಿದ್ದರೂ ತಿನ್ನದೆ ಸಾಯುತ್ತವೆ. ಬೆರಳಿನಿಂದ ಮೇವನ್ನು ತಟ್ಟಿ ತೋರಿಸುವುದು, ಮೇವಿನ ಮೇಲೆ ಬಣ್ಣದ ಗೋಲಿ ಇಡುವುದು ಇದಕ್ಕೆ ಉಪಾಯ. ಹಸಿರು ಬಣ್ಣ ಅವನ್ನು ಸೆಳೆಯುತ್ತದೆ. ಮೊದಲ 15 ದಿನ 10 ಮರಿಗಳಿಗೆ ಒಂದು ಬೇಯಿಸಿದ ಮೊಟ್ಟೆ, ಲೀಟರ್ ನೀರಿಗೆ 100 ಮಿಲಿಲೀಟರ್ ಹಾಲು ಕೊಡಬೇಕೆಂದೂ ಸಲಹೆಯಿದೆ. ಕೋಳಿಮರಿಯ ಮೇವು ಇವಕ್ಕೆ ಸಾಲದು. ಆರಂಭದಲ್ಲಿ ಶೇಕಡ 28ರಷ್ಟು ಪ್ರೋಟೀನು ಬೇಕು.

ಬೆಳೆದ ಹಕ್ಕಿಗಳಾದರೆ ಬೇಲಿ ಹಾಕಿದ ಒಂದು ಎಕರೆಯಲ್ಲಿ 200ರಿಂದ 250ನ್ನು ಬಿಟ್ಟು ಮೇಯಿಸಬಹುದು. ರಾತ್ರಿ ಮಾತ್ರ ಒಂದೊಂದಕ್ಕೂ 3–4 ಚದರ ಅಡಿ ಸೂರು ಬೇಕು. ಆದರೆ ಆ ನೆಲ ಯಾವುದು ಎಂಬುದು ಮುಖ್ಯ. ನಾಲೆಯ ನೀರು ಜಿನುಗುವ ಗದ್ದೆಯಂಚು, ತೆಂಗಿನ ನೆರಳು, ತಿಪ್ಪೆಯ ಸುತ್ತ ಇವೆಲ್ಲ ಹುಳುವಿನ ಮೊಟ್ಟೆಗೂ ಎರೆಹುಳುವಿಗೂ ಹಿತವಾದ ಜಾಗಗಳು. ಬಿಸಿಲು ಬೀಳುವ, ನೀರು ನಿಲ್ಲದ, ಕೆಲವು ವರ್ಷಗಳಿಂದ ಕೋಳಿ ಮೇಯದ ಬೆದ್ದಲು ನೆಲ ವಾಸಿ.

ಮತ್ತೆ ಯಲಿಯೂರಿಗೆ

ಮೇಷ್ಟ್ರು ಎರಡನೆಯ ಸಲ 20 ಮರಿಗಳನ್ನು ತಂದರು. ನಾಲ್ಕು ವಾರ ಬಲ್ಬಿನ ಕೆಳಗೆ, ಆಮೇಲೆ ಹೊಲದ ಮೇಲುಭಾಗದಲ್ಲಿ ಬಲೆ ಕಟ್ಟಿದ ಬೇರೆ ಜಾಗದಲ್ಲಿ ಬಿಟ್ಟರು. ಹಿತ್ತಿಲಿಗೂ ಅಲ್ಲಿಗೂ ಬೇರೆ ಬೇರೆ ಚಪ್ಪಲಿ ಇಟ್ಟರು. ತಾಯಿಯ ಮಾತಿಗೆ ಬೆಲೆ ಕೊಟ್ಟು ಬೇಲಿಗೆ ಒಂದು ಬೆದರುಬೊಂಬೆಯನ್ನೂ ಕಟ್ಟಿದರು. ಮೊದಲ ವಾರದಲ್ಲಿ ಮೇವು ಹಿಡಿಯದೆ 2 ಮರಿಗಳು ಸತ್ತವು, ಒಂದನ್ನು ಮುಂಗುಸಿ ಒಯ್ದಿತು. ಹತ್ತು ವಾರ ಕಳೆದಾಗ 17 ಉಳಿದಿದ್ದವು.

“ಗೆದ್ವಲ್ಲ ಸಾರ್” ಎಂದರು ಮೇಷ್ಟ್ರು. ಒಂದು ಸಲದ ಫಲಿತಾಂಶದಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. ಎರಡು ವರ್ಷಗಳ ಮಳೆ ಬೇರೆ, ಮರಿ ಬೇರೆ, ಮೇವು ಬೇರೆ ಎಂದು ನಾನು ನೆನಪಿಸಬೇಕಾಯಿತು. ಗ್ರೇಬಿಲ್ ಮತ್ತು ಸ್ಮಿತ್ ಮಾಡಿದ್ದು ಒಂದೇ ಒಂದು ಅಂಶವನ್ನು ಬದಲಿಸಿ ನೋಡುವ ಕೆಲಸ. ಹಿತ್ತಿಲಿನಲ್ಲಿ ಅದು ಸುಲಭವಲ್ಲ.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗವೊಂದು ಮಾತ್ರ ಸುಲಭ. ಒಂದೇ ಅಳತೆಯ ಎರಡು ಚಿಕ್ಕ ಬಾಟಲಿಗಳಲ್ಲಿ 50 ಮಿಲಿಲೀಟರಿನಂತೆ 40° ಸೆ. ನೀರು ತುಂಬಿ. ಒಂದಕ್ಕೆ ಒಣ ಹತ್ತಿ, ಇನ್ನೊಂದಕ್ಕೆ ಅಷ್ಟೇ ತೂಕದ ಒದ್ದೆ ಹತ್ತಿ ಸುತ್ತಿ, ಗಾಳಿಯಾಡುವ ಕಡೆ ಇಟ್ಟು, ಐದೈದು ನಿಮಿಷಕ್ಕೆ ಉಷ್ಣತೆ ಗುರುತಿಸಿ, ನಕ್ಷೆ ಬರೆಯಿರಿ. ಯಲಿಯೂರಿನ ಮೇಷ್ಟ್ರ ತರಗತಿಯಲ್ಲಿ ಇದನ್ನು ಮಾಡಿದಾಗ ಎರಡು ಗೆರೆಗಳು ದೂರದೂರ ಸರಿಯುವುದನ್ನು ನೋಡಿದ ಹುಡುಗಿಯೊಬ್ಬಳು ಹೇಳಿದಳಂತೆ: “ಸಾರ್, ನಮ್ಮನೇಲೂ ಮಳೇಲಿ ನೆಂದ ಕೋಳಿಮರಿನ ಅಜ್ಜಿ ಒಲೆ ಹತ್ರ ಬುಟ್ಟಿ ಕೆಳಗೆ ಇಡ್ತಾರೆ.” ಅಜ್ಜಿಗೆ ಗುಪ್ತೋಷ್ಣದ ಹೆಸರು ತಿಳಿಯದಿದ್ದರೂ ಅದರ ಪರಿಣಾಮ ತಿಳಿದಿತ್ತು. ಕಣ್ಣಿಗೆ ಕಾಣದ ಹುಳುವಿನ ಮೊಟ್ಟೆಯ ಸಂಗತಿ ಮಾತ್ರ ಅನುಭವದಿಂದಷ್ಟೇ ತಿಳಿಯುವಂಥದಲ್ಲ. ಅದನ್ನು ಅಜ್ಜಿಗೆ ತಿಳಿಸುವ ಕೆಲಸ ಆ ಹುಡುಗಿಯದು.